ಒಡೆದ ಸ್ಪ್ರಿಂಕ್ಲರ್ ನಾನೇ ರಿಪೇರಿ ಮಾಡಿದೆ: ರೇನ್ ಬರ್ಡ್ 1804 ಮತ್ತು ಜೊತೆಗೆ ಕೊಂಡ ಸಾಮಾನುಗಳ ರಿವ್ಯೂ

ಏಪ್ರಿಲ್ ಮೊದಲ ಶನಿವಾರ ಬೆಳಿಗ್ಗೆ ಚಳಿಗಾಲ ಮುಗಿದ ಮೇಲೆ ಮೊದಲ ಸಲ ಲಾನ್ ಸ್ಪ್ರಿಂಕ್ಲರ್ ಆನ್ ಮಾಡಿದೆ. ಮೂರು ತೊಂದರೆ ಒಟ್ಟಿಗೇ ಕಂಡವು. ಡ್ರೈವ್‌ವೇ ಮೂಲೆಯಲ್ಲಿದ್ದ ಹೆಡ್ (ನೆಲದಿಂದ ಮೇಲೆದ್ದು ನೀರು ಚಿಮ್ಮಿಸುವ ಭಾಗ) ಮುರಿದು ನೀರು ಆಳೆತ್ತರಕ್ಕೆ ಚಿಮ್ಮುತ್ತಿತ್ತು. ಓಕ್ ಮರದ ಹತ್ತಿರ ಹುಲ್ಲಿನ ಅಡಿಯಿಂದ ನೀರು ಉಕ್ಕಿ ಫುಟ್‌ಪಾತ್ ಮೇಲೆ ಹರಿಯುತ್ತಿತ್ತು. ಮನೆ ಪಕ್ಕದ ಐದನೇ ಜೋನಿಗೆ ನೀರು ಬರಲೇ ಇಲ್ಲ. ಜೋನ್ ಅಂದರೆ ಒಂದು ವಾಲ್ವ್ ತೆರೆದಾಗ ಒಟ್ಟಿಗೆ ಓಡುವ ಹೆಡ್‌ಗಳ ಗುಂಪು.

ನಾವಿರುವುದು ಟೆಕ್ಸಸ್‌ನಲ್ಲಿ, ಡಾಲಸ್‌ನ ಉತ್ತರಕ್ಕಿರುವ ಒಂದು ಊರಿನಲ್ಲಿ. ಇಲ್ಲಿ ಮನೆ ಕೊಂಡ ಕನ್ನಡದವರಿಗೆಲ್ಲ ಈ ಸ್ಪ್ರಿಂಕ್ಲರ್ ಗೊತ್ತು, ಮನೆ ಜೊತೆಗೇ ಬರುತ್ತದೆ. ಆದರೆ ಅದರ ಮುಚ್ಚಳ ತೆಗೆದು ನೋಡಿದವರು ಕಡಿಮೆ. ನಾನೂ ಆರು ವರ್ಷ ನೋಡಿರಲಿಲ್ಲ. ರಿಪೇರಿಯವರನ್ನು ಕರೆಸಿದೆ. ಅವರು ಇಪ್ಪತ್ತು ನಿಮಿಷ ಓಡಾಡಿ, ಮೂರು ಹೆಡ್ ಬದಲಾಯಿಸಬೇಕು, ಪೈಪ್ ಕತ್ತರಿಸಿ ಜೋಡಿಸಬೇಕು, ಐದನೇ ಜೋನಿನ ವಾಲ್ವ್ ಪೂರ್ತಿ ಹೊಸದು ಹಾಕಬೇಕು ಅಂತ ಹೇಳಿ 640 ಡಾಲರ್ ಅಂತ ಬರೆದುಕೊಟ್ಟರು. ವಾಲ್ವ್ ಯಾಕೆ ಕೆಟ್ಟಿದೆ ಅಂತ ಕೇಳಿದೆ. ಹಳೆಯದಾಗಿದೆ ಅಂದರು. ಆದರೆ ವಾಲ್ವ್ ಪೆಟ್ಟಿಗೆಯ ಮುಚ್ಚಳವನ್ನೇ ಅವರು ತೆಗೆದಿರಲಿಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಮನಸ್ಸಿಗೆ ಹಿಡಿಸಲಿಲ್ಲ.

ಹಾಗಾಗಿ ನಾನೇ ಮಾಡಿದೆ. ಮೂರು ಶನಿವಾರ ಹಿಡಿಯಿತು, ತೆರಿಗೆ ಸೇರಿ 134 ಡಾಲರ್ ಖರ್ಚಾಯಿತು. ಯಾವ ಸಾಮಾನು ಕೊಂಡೆ, ಯಾವುದು ಚೆನ್ನಾಗಿದೆ, ಯಾವುದು ಬೇಕಿರಲಿಲ್ಲ ಅನ್ನುವುದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸದಲ್ಲಿ ಮುಕ್ಕಾಲು ಪಾಲು ಅಗೆಯುವುದು ಮತ್ತು ತೊಳೆಯುವುದು. ಸಾಮಾನು ಬದಲಾಯಿಸುವುದಕ್ಕೆ ಹತ್ತು ನಿಮಿಷ ಸಾಕು. ನನಗೆ ಎಲ್ಲೆಲ್ಲಿ ಕೆಲಸ ಕೆಟ್ಟಿತೋ ಅಲ್ಲೆಲ್ಲ ಅಗೆಯುವುದರಲ್ಲಿ ಅವಸರ ಮಾಡಿದ್ದೆ.

ನಾನು ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆ. ಫೆಬ್ರವರಿ ಮಾರ್ಚ್ ಬಂತು ಅಂದರೆ ರೊಬಸ್ಟಾ ಕಾಫಿ ತೋಟದಲ್ಲಿ ಹೂವಿಗೆ ನೀರು ಹೊಡೆಯುವ ಕೆಲಸ. ಕೆರೆಗೆ ಡೀಸೆಲ್ ಪಂಪ್ ಇಟ್ಟು, ಉದ್ದುದ್ದ ಪೈಪ್ ಹೊತ್ತು, ಕ್ಲ್ಯಾಂಪ್ ಹಾಕಿ, ಗಿಡಕ್ಕಿಂತ ಎತ್ತರದ ಕೋಲಿನ ಮೇಲೆ ಸ್ಪ್ರಿಂಕ್ಲರ್ ನಿಲ್ಲಿಸುತ್ತಿದ್ದರು. ರಾತ್ರಿಯೆಲ್ಲ ಚಿಕ್ ಚಿಕ್ ಚಿಕ್ ಅನ್ನುವ ಸದ್ದು. ಆ ಚಿಕ್ ಚಿಕ್ ಸ್ಪ್ರಿಂಕ್ಲರ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಗ್ಲೆಂಡೋರಾ ಅನ್ನುವ ಊರಿನಲ್ಲಿ. ಆರ್ಟನ್ ಎಂಗಲ್‌ಹಾರ್ಟ್ ಅನ್ನುವವರು 1933ರಲ್ಲಿ ಮಾಡಿದ್ದು, 1935ರಲ್ಲಿ ಪೇಟೆಂಟ್ ಸಿಕ್ಕಿತು. ಅದರಿಂದಲೇ ರೇನ್ ಬರ್ಡ್ ಕಂಪನಿ ಶುರುವಾಯಿತು. ಈಗ ನಮ್ಮ ಲಾನಿನಲ್ಲಿರುವ ಹೆಡ್‌ಗಳೂ ಅದೇ ಕಂಪನಿಯವು. ಇದು ನನಗೆ ಗೊತ್ತಾಗಿದ್ದು ಈ ರಿಪೇರಿಗೆ ಕೈ ಹಾಕಿದ ಮೇಲೆ, ತುಂಬಾ ಖುಷಿಯಾಯಿತು.

ಈಗ ಹೆಡ್ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿದ್ದದ್ದು ರೇನ್ ಬರ್ಡ್ 1804, ಈ ಕಡೆಯ ಲಾನ್‌ಗಳಲ್ಲಿ ತುಂಬಾ ಕಾಣುವ ಮಾದರಿ. ಹೆಸರಿನ ಕೊನೆಯ 4 ಅಂದರೆ ನೀರಿನ ಒತ್ತಡಕ್ಕೆ ಒಳಗಿನ ಕೊಳವೆ ನಾಲ್ಕು ಇಂಚು ಮೇಲೆ ಏಳುತ್ತದೆ ಅಂತ. 1806 ಆರು ಇಂಚು, 1812 ಹನ್ನೆರಡು ಇಂಚು ಏಳುತ್ತವೆ. ಕೆಳಗೆ ಪೈಪಿಗೆ ತಿರುಗಿಸಿ ಕೂರಿಸಲು ಅರ್ಧ ಇಂಚಿನ ಮರೆ (ಥ್ರೆಡ್). ಅಂಗಡಿಗೆ ಹೋಗುವ ಮುಂಚೆ ಹಳೆಯ ಹೆಡ್ಡಿನ ತಲೆ ಮೇಲೆ ಬರೆದಿರುವುದನ್ನು ಒರೆಸಿ ಓದಿ, ಫೋಟೋ ತೆಗೆದುಕೊಳ್ಳಿ. ಅದೇ ಕಂಪನಿ, ಅದೇ ಮಾದರಿ ಕೊಂಡರೆ ಒಂದು ದೊಡ್ಡ ಅನುಕೂಲ ಇದೆ. ಹೊರಗಿನ ಡಬ್ಬಿ ಗಟ್ಟಿಯಾಗಿದ್ದರೆ ಅಗೆಯಲೇಬೇಕಾಗಿಲ್ಲ. ಮೇಲಿನ ಮುಚ್ಚಳ ತಿರುಗಿಸಿ ತೆಗೆದು, ಹಳೆಯ ಕೊಳವೆ, ಸ್ಪ್ರಿಂಗ್ ಎಲ್ಲ ಎಳೆದು ಹಾಕಿ, ಹೊಸ ಹೆಡ್ಡಿನ ಒಳಭಾಗವನ್ನು ಅದೇ ಡಬ್ಬಿಗೆ ಇಳಿಸಿ ಮುಚ್ಚಳ ಬಿಗಿ ಮಾಡಿದರೆ ಮುಗಿಯಿತು. ಒಂದು ಹೆಡ್ಡಿನಲ್ಲಿ ಮುಚ್ಚಳದ ಹತ್ತಿರದ ರಬ್ಬರ್ ಸವೆದು ಬುಡದಲ್ಲೆಲ್ಲ ನೀರು ಸೋರುತ್ತಿತ್ತು, ಅದನ್ನು ಹೀಗೇ ಐದು ನಿಮಿಷದಲ್ಲಿ ಮಾಡಿದೆ. ಕೈಗೆ ಮಣ್ಣೂ ಸರಿಯಾಗಿ ಹತ್ತಲಿಲ್ಲ.

ನಾನು ಕೊಂಡದ್ದು ಸಾದಾ 1804 ಬದಲು 1804 ಸ್ಯಾಮ್ ಪಿಆರ್‌ಎಸ್. ಸಾದಾ ಹೆಡ್ಡಿನ ಎರಡರಷ್ಟು ಬೆಲೆ, ನನಗೆ ಒಂದಕ್ಕೆ 11 ಡಾಲರ್ ಬಿತ್ತು. ಈ ಜಾಸ್ತಿ ದುಡ್ಡಿಗೆ ಎರಡು ವಸ್ತು ಸಿಗುತ್ತವೆ. ಸ್ಯಾಮ್ ಅಂದರೆ ಒಳಗೆ ಒಂದು ಚೆಕ್ ವಾಲ್ವ್. ಸ್ಪ್ರಿಂಕ್ಲರ್ ನಿಂತ ಮೇಲೆ ಪೈಪಿನಲ್ಲಿ ಉಳಿದ ನೀರು ಇಳಿಜಾರಿನ ಕೊನೆಯ ಹೆಡ್ಡಿನಿಂದ ಸುಮ್ನೆ ಹರಿದು ಹೋಗದ ಹಾಗೆ ತಡೆಯುತ್ತದೆ. 14 ಅಡಿ ಎತ್ತರದ ವ್ಯತ್ಯಾಸದವರೆಗೆ ತಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ನಮ್ಮ ಲಾನ್ ರಸ್ತೆ ಕಡೆಗೆ ಇಳಿಜಾರು, ಪ್ರತಿ ಸಲ ನಿಂತ ಮೇಲೂ ಹತ್ತು ನಿಮಿಷ ಮೋರಿಗೆ ನೀರು ಹೋಗುತ್ತಿತ್ತು. ಇಳಿಜಾರಿನ ಕೊನೆಯಲ್ಲಿದ್ದ ಹೆಡ್ ಬದಲಾಯಿಸಿದ ಮೇಲೆ ಅದು ನಿಂತಿತು. ಇನ್ನೊಂದು ಪಿಆರ್‌ಎಸ್, ಅಂದರೆ ಒತ್ತಡವನ್ನು 30 ಪಿಎಸ್‌ಐಗೆ ಇಳಿಸುವ ವ್ಯವಸ್ಥೆ. ಪಿಎಸ್‌ಐ ಅಂದರೆ ಒತ್ತಡದ ಅಳತೆ. ಹೊರಗಿನ ನಲ್ಲಿಗೆ ಗೇಜ್ ಹಾಕಿ ನೋಡಿದರೆ ನಮ್ಮ ಮನೆಯ ಒತ್ತಡ 72 ಇತ್ತು. ಇಂಥ ಸ್ಪ್ರೇ ಹೆಡ್‌ಗಳಿಗೆ 30 ಸಾಕು. ಒತ್ತಡ ಜಾಸ್ತಿಯಾದರೆ ಹನಿ ಒಡೆದು ಮಂಜಿನ ಹಾಗೆ ಆಗಿ ಗಾಳಿಗೆ ಹೋಗಿಬಿಡುತ್ತದೆ. ಟೆಕ್ಸಸ್ ಗಾಳಿ ಗೊತ್ತಲ್ಲ, ಅರ್ಧ ನೀರು ಪಕ್ಕದವರ ಕಾರಿನ ಮೇಲೆ ಬೀಳುತ್ತಿತ್ತು. ಹೊಸ ಹೆಡ್ಡಿನಿಂದ ದಪ್ಪ ಹನಿ, ನೇರವಾಗಿ ಹುಲ್ಲಿಗೆ ಬೀಳುತ್ತದೆ. ನನ್ನ ಪ್ರಕಾರ ಇದಕ್ಕೆ 5ಕ್ಕೆ 5 ಕೊಡಬಹುದು. ಲಾನ್ ಸಮತಟ್ಟಾಗಿದ್ದು ಒತ್ತಡವೂ ಕಡಿಮೆ ಇರುವವರಿಗೆ ಸಾದಾ 1804 ಸಾಕು, ಸುಮ್ನೆ ಜಾಸ್ತಿ ಕೊಡಬೇಡಿ.

ಒಂದು ಮಾತು, ಹೆಡ್ ಕೊಂಡರೆ ನಾಝಲ್ (ನೀರು ಹೊರಬರುವ ಮೇಲಿನ ತುದಿ) ಅದರ ಜೊತೆ ಬರದೇ ಇರಬಹುದು. ಅದನ್ನು ಬೇರೆ ಕೊಳ್ಳಬೇಕು. ಇದರಲ್ಲೇ ತುಂಬಾ ಜನ ತಪ್ಪುವುದು. ನಾಝಲ್ ಮೇಲೆ 15ಕ್ಯೂ, 15ಎಚ್, 15ಎಫ್ ಅಂತ ಬರೆದಿರುತ್ತದೆ. 15 ಅಂದರೆ ಹದಿನೈದು ಅಡಿ ದೂರ. ಕ್ಯೂ ಕಾಲು ವೃತ್ತ, ಎಚ್ ಅರ್ಧ, ಎಫ್ ಪೂರ್ತಿ. 30 ಪಿಎಸ್‌ಐನಲ್ಲಿ ಕ್ಯೂ ನಿಮಿಷಕ್ಕೆ 0.92 ಗ್ಯಾಲನ್ ಬಿಡುತ್ತದೆ, ಎಚ್ 1.85, ಎಫ್ 3.7. ಲೆಕ್ಕ ನೋಡಿ, ಕಾಲು ಭಾಗ ನೆಲಕ್ಕೆ ಕಾಲು ಭಾಗ ನೀರು. ಹೀಗೆ ಮಾಡಿರುವುದರಿಂದ ಮೂಲೆಯಲ್ಲೂ ನಡುವಿನಲ್ಲೂ ಹುಲ್ಲಿಗೆ ಒಂದೇ ಸಮ ನೀರು ಸಿಗುತ್ತದೆ. ನಮ್ಮ ಮನೆಯಲ್ಲಿ ಮುಂಚೆ ಯಾರೋ ಮೂಲೆಯ ಹೆಡ್ಡಿಗೆ ಅರ್ಧ ವೃತ್ತದ್ದು ಹಾಕಿದ್ದರು, ಅದರ ಅರ್ಧ ನೀರು ಡ್ರೈವ್‌ವೇ ಕಾಂಕ್ರೀಟಿಗೇ ಬೀಳುತ್ತಿತ್ತು. ಎರಡು ಡಾಲರಿನ ಕ್ಯೂ ನಾಝಲ್ ಹಾಕಿದೆ, ಅಷ್ಟೇ.

ರೋಟರಿ ನಾಝಲ್ ಅಂತಲೂ ಸಿಗುತ್ತವೆ, ಹಂಟರ್ ಕಂಪನಿಯ ಎಂಪಿ ರೋಟೇಟರ್ ತರಹದ್ದು. ದಾರದ ಹಾಗೆ ಸಣ್ಣ ಧಾರೆಗಳು ನಿಧಾನ ತಿರುಗುತ್ತವೆ, ನೋಡಲು ಚೆಂದ. ಸಾದಾ ಸ್ಪ್ರೇ ಗಂಟೆಗೆ ಒಂದೂವರೆ ಇಂಚಿನಷ್ಟು ನೀರು ಸುರಿದರೆ ಇವು ಗಂಟೆಗೆ 0.4 ಇಂಚಿನ ಆಸುಪಾಸು. ಇಲ್ಲಿನ ಮಣ್ಣಿಗೆ ಒಳ್ಳೆಯದೇ. ಆದರೆ ಒಂದು ಜೋನಿನಲ್ಲಿ ಒಂದೋ ಎರಡೋ ಹೆಡ್ಡಿಗೆ ಮಾತ್ರ ಇದನ್ನು ಹಾಕಬೇಡಿ. ಅದರ ಸುತ್ತ ಹುಲ್ಲು ಒಣಗುತ್ತದೆ, ಪಕ್ಕದ್ದು ಕೊಳೆಯುತ್ತದೆ. ಹಾಕಿದರೆ ಇಡೀ ಜೋನಿಗೆ ಹಾಕಬೇಕು, ಸಮಯವನ್ನೂ ಜಾಸ್ತಿ ಮಾಡಬೇಕು.

ಡ್ರೈವ್‌ವೇ ಮೂಲೆಯ ಹೆಡ್ ಸುಲಭಕ್ಕೆ ಬಗ್ಗಲಿಲ್ಲ. ಕಾರಿನ ಚಕ್ರ ಹತ್ತಿ ಡಬ್ಬಿಯೇ ಒಡೆದಿತ್ತು. ಜೊತೆಗೆ ಅದರ ಕೆಳಗಿನ ಸಣ್ಣ ಪ್ಲಾಸ್ಟಿಕ್ ನಿಪ್ಪಲ್ (ಹೆಡ್ಡನ್ನು ಪೈಪಿಗೆ ಜೋಡಿಸುವ ತುಂಡು ಕೊಳವೆ) ಮುರಿದು, ಅರ್ಧ ತುಂಡು ನೆಲದೊಳಗಿನ ಎಲ್ಬೋದಲ್ಲೇ, ಅಂದರೆ ಪೈಪಿನ ಮೊಣಕೈ ಆಕಾರದ ತಿರುವಿನಲ್ಲೇ, ಉಳಿದಿತ್ತು. ಸ್ಕ್ರೂಡ್ರೈವರ್ ಹಾಕಿ ತೆಗೆಯೋಣ ಅಂತ ಮೊದಲು ಪ್ರಯತ್ನಿಸಿದೆ, ದಯವಿಟ್ಟು ಹಾಗೆ ಮಾಡಬೇಡಿ, ಎಲ್ಬೋದ ಮರೆ ಹಾಳಾದರೆ ಆ ಎಲ್ಬೋವನ್ನೂ ಕತ್ತರಿಸಬೇಕಾಗುತ್ತದೆ. ಇದಕ್ಕೆಂದೇ ಎಕ್ಸ್‌ಟ್ರಾಕ್ಟರ್ ಅಂತ ಒಂದು ಸಾಧನ ಸಿಗುತ್ತದೆ, ಆರು ಡಾಲರ್. ತುಂಡಿನ ಒಳಗೆ ಒತ್ತಿ ಎಡಕ್ಕೆ ತಿರುಗಿಸಿದರೆ ಅದು ಕಚ್ಚಿಕೊಂಡು ತುಂಡನ್ನು ಹೊರಗೆ ತರುತ್ತದೆ. ಮೂರು ಸುತ್ತಿನಲ್ಲಿ ಬಂತು. ಕೊಂಡ ಎಲ್ಲ ಸಾಮಾನಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ.

ಮತ್ತೆ ಅದೇ ಗಟ್ಟಿ ನಿಪ್ಪಲ್ ಹಾಕಿದ್ದರೆ ಮತ್ತೆ ಚಕ್ರ ಹತ್ತಿದ ದಿನ ಮುರಿಯುತ್ತಿತ್ತು. ಹಾಗಾಗಿ ಒಂದಡಿ ಸ್ವಿಂಗ್ ಪೈಪ್ ಹಾಕಿದೆ. ಅಂಗಡಿಯವರು ಇದಕ್ಕೆ ಫನ್ನಿ ಪೈಪ್ ಅಂತಾರೆ. ಬಗ್ಗುವ ಕಪ್ಪು ಪೈಪ್, ಎರಡೂ ತುದಿಗೆ ಮುಳ್ಳುಮುಳ್ಳಿನ ಎಲ್ಬೋ, ಗಮ್ ಬೇಡ, ಕ್ಲ್ಯಾಂಪ್ ಬೇಡ, ತಿರುಗಿಸುತ್ತಾ ಒತ್ತಿದರೆ ಕೂರುತ್ತದೆ. ಬೆಳಗಿನ ಚಳಿಯಲ್ಲಿ ಪೈಪ್ ಗಟ್ಟಿಯಿರುತ್ತದೆ, ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಸುಲಭ. ಇದರಿಂದ ಹೆಡ್ಡನ್ನು ಡ್ರೈವ್‌ವೇ ಅಂಚಿನಿಂದ ಆರು ಇಂಚು ಒಳಗೂ ತರಲಿಕ್ಕಾಯಿತು. ಮೇಲೆ ಭಾರ ಬಿದ್ದರೂ ಈಗ ಅದು ಸ್ವಲ್ಪ ಬಗ್ಗಿ ತಾಳಿಕೊಳ್ಳುತ್ತದೆ.

ಇನ್ನು ತೊಳೆಯುವ ವಿಷಯ. ಮೂರೂ ಹೆಡ್ ಹಾಕಿ ಆನ್ ಮಾಡಿದೆ, ಎರಡು ಚೆನ್ನಾಗಿ ಬಂದವು, ಮೂರನೆಯದರಲ್ಲಿ ನೀರು ಒಂದೇ ಕಡೆ ಪಿಚಕಾರಿ ಹಾಗೆ ಬಂತು. ಆಗ ನಮಗೆ ಬೆಳಿಗ್ಗೆ ಎಂಟು, ಊರಿನಲ್ಲಿ ಸಂಜೆ ಆರೂವರೆ, ಅಪ್ಪ ಫೋನಿನಲ್ಲಿ ಇದ್ದರು. ಹೇಳಿದೆ. ‘ಪೈಪ್ ತೊಳೆದ್ಯೇನೋ?’ ಅಂತ ಕೇಳಿದರು. ಇಲ್ಲ ಅಂದೆ. ‘ಅಲ್ಲ ಮಗ, ತೋಟದಲ್ಲಿ ಏನು ಮಾಡ್ತಿದ್ವಿ? ಲೈನಿನ ಕೊನೆ ಬಿಚ್ಚಿ ಮೊದ್ಲು ನೀರು ಬಿಡು. ಕಸ ಎಲ್ಲ ಹೋಗ್ಲಿ. ಆಮೇಲೆ ಜೆಟ್ ಹಾಕು.’ ಸರಿ, ನಾಝಲ್ ತೆಗೆದು, ಒಳಗಿನ ಸಣ್ಣ ಜಾಲರಿ ತೆಗೆದು, ಒಂದು ನಿಮಿಷ ನೀರು ಬಿಟ್ಟೆ. ಮೊದಲು ಕಪ್ಪು ಮಣ್ಣು, ಆಮೇಲೆ ಬಿಳಿ ಪ್ಲಾಸ್ಟಿಕ್ ಚೂರು, ಕೊನೆಗೆ ತಿಳಿನೀರು ಬಂತು. ಜಾಲರಿ ತೊಳೆದು ನಾಝಲ್ ಹಾಕಿದೆ, ಬೀಸಣಿಗೆ ಬಿಚ್ಚಿದ ಹಾಗೆ ಬಂತು. ಚಿಕ್ಕವನಿದ್ದಾಗ ಅಪ್ಪ ಒಂದು ತಂತಿ ಇಟ್ಟುಕೊಂಡು ಒಂದೊಂದೇ ಜೆಟ್ ಚುಚ್ಚಿ ನೋಡುತ್ತಿದ್ದದ್ದು ನೆನಪಾಯಿತು. ಆಗ ಯಾಕೆ ಅಷ್ಟು ಹೊತ್ತು ಅಂತ ಅನಿಸುತ್ತಿತ್ತು. ಈಗ ಯಾವ ಹೆಡ್ ಮುಟ್ಟಿದರೂ ನಾಝಲ್ ಇಲ್ಲದೆ ಮೊದಲು ನೀರು ಬಿಡುತ್ತೇನೆ.

ಎರಡನೇ ಶನಿವಾರ ಪೈಪ್. ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ, ಅಮೆರಿಕದಲ್ಲಿ ಎಲ್ಲಿದ್ದರೂ ಇದೇ ನಂಬರ್, ದುಡ್ಡಿಲ್ಲ. ಒಂದೆರಡು ದಿನದಲ್ಲಿ ಬಂದು ಗ್ಯಾಸ್, ಕರೆಂಟ್, ಕೇಬಲ್ ಎಲ್ಲಿ ಹೋಗಿದೆ ಅಂತ ಬಣ್ಣದಲ್ಲಿ ಗುರುತು ಹಾಕುತ್ತಾರೆ. ನಿಮ್ಮ ಸ್ಪ್ರಿಂಕ್ಲರ್ ಪೈಪಿಗೆ ಮಾತ್ರ ಗುರುತು ಹಾಕುವುದಿಲ್ಲ, ಅದನ್ನು ನೀವೇ ಹುಡುಕಬೇಕು. ನಮ್ಮ ಓಕ್ ಮರದಿಂದ ನಾಲ್ಕು ಅಡಿ ದೂರದಲ್ಲೇ ಗ್ಯಾಸ್ ಲೈನ್ ಇತ್ತು. ಗುರುತು ನೋಡಿದ ಮೇಲೆ ಸನಿಕೆ ಬಿಟ್ಟು ಕೈಕರಣೆಯಲ್ಲಿ ಅಗೆದೆ.

ಇಲ್ಲಿನ ಮಣ್ಣಿನ ಬಗ್ಗೆ ಹೇಳಲೇಬೇಕು. ನನ್ನ ಹೆಂಡತಿ ಗದಗಿನವಳು. ಗುಂಡಿಯಿಂದ ತೆಗೆದ ಮೊದಲ ಹೆಂಟೆ ಕೈಯಲ್ಲಿ ಹಿಡಿದು ನೋಡಿ, ‘ಇದು ನಮ್ಮ ಎರಿ ಹೊಲದ ಮಣ್ಣು ಇದ್ದಂಗ ಐತಿ ನೋಡ್ರಿ’ ಅಂದಳು. ಸರಿಯಾಗೇ ಹೇಳಿದಳು. ಡಾಲಸ್ ಸುತ್ತಲಿನ ಈ ಕಪ್ಪು ಜೇಡಿ ಮತ್ತು ನಮ್ಮ ಉತ್ತರ ಕರ್ನಾಟಕದ ಎರೆಮಣ್ಣು ಎರಡೂ ಒಂದೇ ಜಾತಿಯವು, ಮಣ್ಣಿನ ವಿಜ್ಞಾನದಲ್ಲಿ ಎರಡನ್ನೂ ವರ್ಟಿಸಾಲ್ ಅಂತಾರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೆಲದೊಳಗಿನ ಪಿವಿಸಿ ಪೈಪನ್ನು ವರ್ಷ ವರ್ಷ ಎತ್ತಿ ಇಳಿಸಿ ಎಳೆಯುತ್ತದೆ. ಅದರ ಮೇಲೆ ಮರದ ಬೇರು. ನಮ್ಮ ಪೈಪ್ ಒಡೆದಿದ್ದೂ ಬೇರು ಒತ್ತಿದ ಜಾಗದಲ್ಲೇ, ಜಾಯಿಂಟಿನ ಪಕ್ಕದಲ್ಲಿ, ಉಗುರಿನ ಉದ್ದದ ಬಿರುಕು.

ಅಷ್ಟು ಸಣ್ಣ ಬಿರುಕಿಗೆ ಇಷ್ಟು ಕಷ್ಟ ಯಾಕೆ ಅಂತ ಅನಿಸಬಹುದು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೊಡುವ ಲೆಕ್ಕ ನೋಡಿ. ಸ್ಪ್ರಿಂಕ್ಲರ್ ವ್ಯವಸ್ಥೆಯಲ್ಲಿ ಇಂಚಿನ 32ನೇ ಒಂದು ಭಾಗದಷ್ಟು ತೂತಿದ್ದರೂ ತಿಂಗಳಿಗೆ ಸುಮಾರು 6,300 ಗ್ಯಾಲನ್ ನೀರು ಹೋಗಬಹುದು. ಲೀಟರಿನಲ್ಲಿ ಹತ್ತಿರ ಹತ್ತಿರ 24 ಸಾವಿರ. ಬೆಂಗಳೂರಿನ 6 ಸಾವಿರ ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ನಾಲ್ಕು ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತವರಿಗೆ ಈ ನೀರು ಫುಟ್‌ಪಾತ್ ಮೇಲೆ ಹರಿಯುವುದನ್ನು ನೋಡಲಿಕ್ಕೆ ಆಗುವುದಿಲ್ಲ. ನಾನು ಈ ಕೆಲಸಕ್ಕೆ ಇಳಿಯಲು ದುಡ್ಡಿಗಿಂತ ಇದೇ ದೊಡ್ಡ ಕಾರಣ.

ಪೈಪಿಗೆ ಕೊಂಡದ್ದು ಸ್ಲಿಪ್ ಫಿಕ್ಸ್ ಅನ್ನುವ ಕಪ್ಲಿಂಗ್, ಅಂದರೆ ಎರಡು ಪೈಪ್ ತುದಿ ಜೋಡಿಸುವ ತುಂಡು. ನೆಲದೊಳಗಿನ ಪೈಪನ್ನು ಎರಡೂ ಕಡೆಗೆ ಸರಿಸಲಿಕ್ಕೆ ಆಗುವುದಿಲ್ಲವಲ್ಲ, ಹಾಗಾಗಿ ಸಾದಾ ಕಪ್ಲಿಂಗ್ ಕೂರಿಸುವುದು ಕಷ್ಟ. ಇದು ದುರ್ಬೀನಿನ ಹಾಗೆ ಎಳೆದರೆ ಉದ್ದವಾಗುತ್ತದೆ. ಒಡೆದ ತುಂಡು ಕತ್ತರಿಸಿ ತೆಗೆದು, ಒಂದು ತುದಿ ಅಂಟಿಸಿ, ಇನ್ನೊಂದನ್ನು ಎಳೆದು ಅಂಟಿಸಬೇಕು. ಒಂಬತ್ತು ಡಾಲರ್. ಒಳ್ಳೆಯ ಸಾಮಾನು, ಆದರೆ ಜಾಗ ಬೇಕು. ನಾನು ಮೊದಲ ಸಲ ಒಂದಡಿ ಅಗಲದ ಗುಂಡಿ ತೋಡಿದ್ದೆ. ಪೈಪಿನ ಅಡಿಗೆ ಕೈ ಹೋಗುತ್ತಿರಲಿಲ್ಲ, ಕತ್ತರಿಸಿದ ಪೈಪಿನಿಂದ ಒಳಗಿನ ನೀರು ಜಿನುಗುತ್ತಲೇ ಇತ್ತು, ಒರೆಸಿ ಒರೆಸಿ ಅಂಟಿಸಿದೆ. ಎರಡು ಗಂಟೆ ಬಿಟ್ಟು ನೀರು ಬಿಟ್ಟರೆ ಅಡಿಭಾಗದಲ್ಲಿ ಹನಿ ಹನಿ. ಒದ್ದೆ ಪೈಪಿಗೆ ಸಲ್ಯೂಷನ್ (ಪೈಪ್ ಅಂಟು) ಹಿಡಿಯುವುದಿಲ್ಲ. ಅದನ್ನು ಕತ್ತರಿಸಿ ಎಸೆದು ಇನ್ನೊಂದು ತರಬೇಕಾಯಿತು. ಅದರ ದುಡ್ಡು ಮೇಲಿನ 134ರಲ್ಲಿ ಸೇರಿಲ್ಲ, ಇನ್ನೊಂದು ಒಂಬತ್ತು ಸೇರಿಸಿಕೊಳ್ಳಿ.

ಎರಡನೇ ಸಲ ಮೂರಡಿ ಉದ್ದ, ಪೈಪಿನ ಅಡಿಗೆ ಆರು ಇಂಚು ಆಳ ತೋಡಿದೆ. ಆ ಆಳದ ಜಾಗದಲ್ಲಿ ನೀರು ಇಳಿದು ನಿಲ್ಲುತ್ತದೆ, ಪೈಪಿನ ತುದಿ ಒಣಗಿರುತ್ತದೆ. ನಿಂತ ನೀರನ್ನು ಹಳೆಯ ಚೊಂಬಿನಲ್ಲಿ ಎತ್ತಿ ಹಾಕಿದೆ. ಪೈಪ್ ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ನೇರಳೆ ಬಣ್ಣದ ಪ್ರೈಮರ್ ಹಚ್ಚಿ, ಅದರ ಮೇಲೆ ಸಲ್ಯೂಷನ್ ಹಚ್ಚಿ, ಒಳಗೆ ತಳ್ಳುತ್ತಾ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಬಿಗಿಯಾಗಿ ಹಿಡಿದುಕೊಂಡೆ. ಬಿಟ್ಟರೆ ಪೈಪ್ ಹಿಂದಕ್ಕೆ ಜಾರುತ್ತದೆ, ಹಾಗಾಗಿ ಹಿಡಿದಿರಬೇಕು. ಸ್ಲಿಪ್ ಫಿಕ್ಸ್‌ನ ಜಾರುವ ಭಾಗಕ್ಕೆ ಪ್ರೈಮರ್ ತಾಗಿಸಬೇಡಿ, ಒಳಗೆ ರಬ್ಬರ್ ರಿಂಗ್ ಇದೆ. ಊರಲ್ಲಿ ಪ್ಲಂಬರ್‌ಗಳು ಪ್ರೈಮರ್ ಹಚ್ಚುವುದನ್ನು ನಾನು ನೋಡಿಲ್ಲ, ಬರೀ ಸಲ್ಯೂಷನ್. ಇಲ್ಲಿ ಎರಡೂ ಒಂದೇ ಪ್ಯಾಕಿನಲ್ಲಿ 13 ಡಾಲರಿಗೆ ಸಿಗುತ್ತವೆ, ಪ್ರೈಮರ್ ಹಚ್ಚದೆ ಮಾಡಬೇಡಿ. ರಾತ್ರಿಯೆಲ್ಲ ಹಾಗೇ ಬಿಟ್ಟು ಮರುದಿನ ನೀರು ಬಿಟ್ಟೆ. ಗುಂಡಿ ಮುಚ್ಚದೆ ಎರಡು ದಿನ ನೋಡಿದೆ. ಒಂದು ಹನಿ ಇಲ್ಲ. ನೀರಿನ ಮೀಟರ್ ಪೆಟ್ಟಿಗೆ ತೆಗೆದು ನೋಡಿ, ಮನೆಯ ನಲ್ಲಿಗಳೆಲ್ಲ ಮುಚ್ಚಿದ್ದಾಗ ಆ ಪುಟ್ಟ ತ್ರಿಕೋನದ ಮುಳ್ಳು ತಿರುಗದೆ ನಿಂತಿರಬೇಕು. ನಮ್ಮದು ನಿಂತಿತು.

ಮೂರನೇ ಶನಿವಾರ, ಐದನೇ ಜೋನ್. ವಾಲ್ವ್ ಪೂರ್ತಿ ಬದಲಾಯಿಸಬೇಕು ಅಂದಿದ್ದರಲ್ಲ, ಅದು. ನಾನೂ ಮೊದಲೇ ಹೋಗಿ 18 ಡಾಲರ್ ಕೊಟ್ಟು ಸೊಲೆನಾಯ್ಡ್ ತಂದಿದ್ದೆ. ಸೊಲೆನಾಯ್ಡ್ ಅಂದರೆ ವಾಲ್ವ್ ಮೇಲಿರುವ ಸಣ್ಣ ಕಾಯಿಲ್. ಸಮಯಕ್ಕೆ ಸರಿಯಾಗಿ ಜೋನ್ ಆನ್ ಮಾಡುವ ಕಂಟ್ರೋಲರಿನಿಂದ 24 ವೋಲ್ಟ್ ಬಂದಾಗ ಅದು ಒಳಗಿನ ಕಡ್ಡಿ ಎತ್ತುತ್ತದೆ, ವಾಲ್ವ್ ತೆರೆಯುತ್ತದೆ. ಆಮೇಲೆ ವೈರ್ ಪರೀಕ್ಷಿಸಲು 22 ಡಾಲರಿನ ಮಲ್ಟಿಮೀಟರ್ ತಂದೆ. ತರುವ ಕ್ರಮ ತಲೆಕೆಳಗಾಯಿತು, ಮೀಟರ್ ಮೊದಲು ತರಬೇಕಿತ್ತು.

ಮಾಡಬೇಕಾದ ಪರೀಕ್ಷೆ ಸುಲಭ. ಕಂಟ್ರೋಲರಿನ ಪ್ಲಗ್ ತೆಗೆಯಿರಿ, ಆ ಕಡೆ 120 ವೋಲ್ಟ್ ಇರುತ್ತದೆ. ಜೋನಿನ ವೈರನ್ನೂ ಎಲ್ಲ ಜೋನಿಗೂ ಸೇರಿದ ಕಾಮನ್ ವೈರನ್ನೂ ಬಿಚ್ಚಿ ಮೀಟರನ್ನು ಓಮ್‌ಗೆ (ವಿದ್ಯುತ್ತಿನ ತಡೆಯ ಅಳತೆ) ಇಟ್ಟು ಎರಡಕ್ಕೂ ಮುಟ್ಟಿಸಿ. ಕಾಮನ್ ವೈರ್ ಸಾಮಾನ್ಯವಾಗಿ ಬಿಳಿ. ಸರಿಯಿರುವ ಸೊಲೆನಾಯ್ಡ್ 20ರಿಂದ 60 ಓಮ್ ನಡುವೆ ತೋರಿಸುತ್ತದೆ. ನಮ್ಮ ಬೇರೆ ಜೋನ್‌ಗಳು 27, 28 ತೋರಿಸಿದವು. ಐದನೆಯದರಲ್ಲಿ ಏನೂ ಇಲ್ಲ, ಅಂದರೆ ಎಲ್ಲೋ ವೈರ್ ಕಡಿದಿದೆ. ವಾಲ್ವ್ ಪೆಟ್ಟಿಗೆಯ ಹಸಿರು ಮುಚ್ಚಳ ತೆಗೆದೆ. ಇಲ್ಲಿ ಎಚ್ಚರ, ಟೆಕ್ಸಸ್‌ನಲ್ಲಿ ಈ ಪೆಟ್ಟಿಗೆಗಳೆಂದರೆ ಬೆಂಕಿ ಇರುವೆಗೆ ಬಹಳ ಇಷ್ಟ. ಕೋಲಿನಿಂದ ಮುಚ್ಚಳ ಎತ್ತಿ, ಗ್ಲೌಸ್ ಹಾಕಿ. ಕಚ್ಚಿದರೆ ವಾರ ಪೂರ್ತಿ ಉರಿಯುತ್ತದೆ.

ಪೆಟ್ಟಿಗೆಯಲ್ಲಿ ಸೊಲೆನಾಯ್ಡಿನ ಎರಡು ವೈರಿಗೆ ನೇರವಾಗಿ ಮೀಟರ್ ಇಟ್ಟೆ. 27 ಓಮ್! ಸೊಲೆನಾಯ್ಡ್ ಚೆನ್ನಾಗೇ ಇತ್ತು. ಹಾಳಾಗಿದ್ದದ್ದು ವೈರ್ ಜೋಡಿಸಿದ ಜಾಗ. ಮನೆಯೊಳಗೆ ವೈರ್ ತುದಿಗಳಿಗೆ ಬಳಸುವ ಸಾದಾ ಪ್ಲಾಸ್ಟಿಕ್ ಟೋಪಿ ಹಾಕಿ ಟೇಪ್ ಸುತ್ತಿದ್ದರು, ನೀರು ನಿಂತು ತಾಮ್ರ ಹಸಿರು ಪುಡಿಯಾಗಿತ್ತು. ಮುಟ್ಟಿದ ಕೂಡಲೇ ಉದುರಿತು. ಅರ್ಧ ಇಂಚು ಕತ್ತರಿಸಿ, ಹೊಸ ತಾಮ್ರ ಬರುವವರೆಗೆ ಕೆರೆದು, ಒಳಗೆ ಗ್ರೀಸ್ ತುಂಬಿರುವ ನೀರು ಹೋಗದ ಕನೆಕ್ಟರ್ ಹಾಕಿದೆ. ಎಂಟು ಡಾಲರಿನ ಪ್ಯಾಕೆಟ್, ಅದರಲ್ಲಿ ಎರಡೇ ಖರ್ಚಾದವು. ಪ್ಲಗ್ ಹಾಕಿ ಐದನೇ ಜೋನ್ ಒತ್ತಿದೆ, ಪಕ್ಕದ ಗೋಡೆ ಪೂರ್ತಿ ಒಟ್ಟಿಗೆ ಏಳು ಹೆಡ್ ಎದ್ದವು. ಮಗಳು ಕಿರುಚಿಕೊಂಡು ಅದರೊಳಗೆ ಓಡಿದಳು. ಬರೀ ವೈರ್ ಕೆಟ್ಟಿದ್ದಕ್ಕೆ ಒಂದು ಇಡೀ ವಾಲ್ವ್ ಅಗೆದು ತೆಗೆಸುವವರಿದ್ದರು, ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಮೀಟರ್ ಹಿಡಿದು ಒಂದು ನಿಮಿಷ ನೋಡಿದ್ದರೆ ಸಾಕಿತ್ತು.

ಇದಕ್ಕೆ ಉಲ್ಟಾ ತೊಂದರೆಯೂ ಉಂಟು, ಜೋನ್ ನಿಲ್ಲದೆ ನೀರು ಬರುತ್ತಲೇ ಇರುವುದು. ಅದು ಗೆಳೆಯರೊಬ್ಬರ ಮನೆಯಲ್ಲಿ ಆಯಿತು. ವಾಲ್ವಿನ ಮೇಲಿನ ಸ್ಕ್ರೂ ಬಿಚ್ಚಿ ರಬ್ಬರ್ ಡಯಾಫ್ರಮ್ ತೆಗೆದರೆ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಕಲ್ಲು. ತೊಳೆದು ಹಾಕಿದೆವು, ನಿಂತಿತು. ಬಿಚ್ಚುವ ಮುಂಚೆ ಮೇನ್ ನೀರು ಬಂದ್ ಮಾಡಿ, ಯಾವ ಸ್ಪ್ರಿಂಗ್ ಯಾವ ಕಡೆ ಅಂತ ಫೋಟೋ ತೆಗೆದುಕೊಳ್ಳಿ.

ನಾನು ಮುಟ್ಟದೆ ಬಿಟ್ಟದ್ದು ಬ್ಯಾಕ್‌ಫ್ಲೋ ಸಾಧನ. ಲಾನಿನ ಕೊಳೆ ನೀರು ಕುಡಿಯುವ ನೀರಿನ ಲೈನಿಗೆ ವಾಪಸ್ ಬರದಂತೆ ತಡೆಯುವುದು ಅದೇ. ಅಕ್ಕಪಕ್ಕದ ಮನೆಯವರ ನೀರಿನ ಪ್ರಶ್ನೆಯೂ ಅದರಲ್ಲಿದೆ. ಟೆಕ್ಸಸ್‌ನಲ್ಲಿ ದುಡ್ಡಿಗೆ ಸ್ಪ್ರಿಂಕ್ಲರ್ ಕೆಲಸ ಮಾಡುವವರಿಗೆ ರಾಜ್ಯದ ಲೈಸೆನ್ಸ್ ಬೇಕು, ನಮ್ಮ ಸ್ವಂತ ಮನೆಯದ್ದನ್ನು ನಾವು ಮಾಡಿಕೊಳ್ಳಲು ಬೇಡ. ಆದರೆ ಬ್ಯಾಕ್‌ಫ್ಲೋ ಪರೀಕ್ಷೆ ಲೈಸೆನ್ಸ್ ಇದ್ದವರೇ ಮಾಡಬೇಕು. ಅದಕ್ಕೆ ದುಡ್ಡು ಕೊಡಿ, ಉಳಿಸಬೇಡಿ. ಲೈಸೆನ್ಸ್ ಇರುವ, ಮೀಟರ್ ಹಿಡಿದು ನೋಡಿ ಹೇಳುವ ಒಳ್ಳೆಯ ಕೆಲಸಗಾರರು ಖಂಡಿತ ಇದ್ದಾರೆ. 2021ರ ಫೆಬ್ರವರಿಯ ಆ ಮಂಜಿನ ವಾರದಲ್ಲಿ ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ಪೈಪ್ ಒಡೆದಿತ್ತು, ಆಗ ಬೀದಿಗೆಲ್ಲ ಅಂಥವರೇ ಬಂದು ಸರಿ ಮಾಡಿದ್ದು.

ಎಲ್ಲ ಮುಗಿದ ಮೇಲೆ ಒಂದೇ ಅಳತೆಯ ಎಂಟು ಮೊಸರಿನ ಡಬ್ಬಿ ಲಾನಿನಲ್ಲಿ ಅಲ್ಲಲ್ಲಿ ಇಟ್ಟು ಹದಿನೈದು ನಿಮಿಷ ನೀರು ಬಿಟ್ಟು ಸ್ಕೇಲಿನಲ್ಲಿ ಅಳೆದೆ. ನೇರ ಗೋಡೆಯ ಡಬ್ಬಿ ಬೇಕು, ಕೆಳಗೆ ಕಿರಿದಾಗಿದ್ದರೆ ಲೆಕ್ಕ ತಪ್ಪುತ್ತದೆ. ಸರಾಸರಿ 10 ಮಿಲಿಮೀಟರ್ ಬಂತು, ಅಂದರೆ ಗಂಟೆಗೆ 1.6 ಇಂಚಿನ ಹತ್ತಿರ. ಬೇಸಿಗೆಯಲ್ಲಿ ಹುಲ್ಲಿಗೆ ವಾರಕ್ಕೆ ಒಂದು ಇಂಚು ಅಂತ ಹಿಡಿದರೆ ವಾರದಲ್ಲಿ ಎರಡು ದಿನ, ದಿನಕ್ಕೆ 18 ನಿಮಿಷ ಸಾಕು. ಮುಂಚೆ ನಾನು ಒಂದೇ ಸಲಕ್ಕೆ 25 ನಿಮಿಷ ಬಿಡುತ್ತಿದ್ದೆ. ಎರೆಮಣ್ಣು ಅಷ್ಟು ಬೇಗ ನೀರು ಕುಡಿಯುವುದಿಲ್ಲ, ಎಂಟನೇ ನಿಮಿಷಕ್ಕೇ ರಸ್ತೆಗೆ ಹರಿಯುತ್ತದೆ. ಈಗ ಆರಾರು ನಿಮಿಷ ಮೂರು ಸಲ, ನಡುವೆ ಮುಕ್ಕಾಲು ಗಂಟೆ ಬಿಡುವು. ಕಂಟ್ರೋಲರಿನಲ್ಲಿ ಇದಕ್ಕೆ ಸೈಕಲ್ ಅಂಡ್ ಸೋಕ್ ಅಂತ ಇರುತ್ತದೆ, ಇಲ್ಲದಿದ್ದರೆ ಮೂರು ಸ್ಟಾರ್ಟ್ ಟೈಮ್ ಹಾಕಿ. ಮೋರಿಗೆ ಒಂದು ತೊಟ್ಟೂ ಹೋಗುತ್ತಿಲ್ಲ. ನಿಮ್ಮ ಊರಿನ ದಿನ, ಸಮಯದ ನಿಯಮವನ್ನೂ ನೋಡಿಕೊಳ್ಳಿ. ಡಾಲಸ್ ನಗರದಲ್ಲಿ ವಾರಕ್ಕೆ ಹೆಚ್ಚೆಂದರೆ ಎರಡು ದಿನ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ 10ರಿಂದ ಸಂಜೆ 6ರ ನಡುವೆ ಸ್ಪ್ರಿಂಕ್ಲರ್ ಹಾಕುವ ಹಾಗಿಲ್ಲ. ಸುತ್ತಲಿನ ಊರುಗಳದ್ದು ಬೇರೆ ಬೇರೆ.

ಮತ್ತೆ ಕೊಳ್ಳುವುದಾದರೆ 1804 ಸ್ಯಾಮ್ ಪಿಆರ್‌ಎಸ್, ಎಕ್ಸ್‌ಟ್ರಾಕ್ಟರ್, ಗ್ರೀಸ್ ಕನೆಕ್ಟರ್, ಮಲ್ಟಿಮೀಟರ್ ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಸ್ಲಿಪ್ ಫಿಕ್ಸ್ ಕೂಡ, ಗುಂಡಿ ದೊಡ್ಡದು ಮಾಡುವ ತಾಳ್ಮೆ ಇದ್ದರೆ. ಸೊಲೆನಾಯ್ಡ್ ಇನ್ನೂ ಡಬ್ಬಿಯಲ್ಲೇ ಇದೆ.

ಅಂಚೆಪೆಟ್ಟಿಗೆಯ ಹತ್ತಿರದ ಹೆಡ್ ಸ್ವಲ್ಪ ವಾಲಿದೆ, ಮಣ್ಣು ಕುಗ್ಗಿರಬೇಕು. ಮುಂದಿನ ಶನಿವಾರ ಅದನ್ನು ಅಗೆಯುತ್ತೇನೆ, ಈ ಸಲ ಮೊದಲೇ ಅಗಲವಾಗಿ. ಅಪ್ಪನಿಗೆ ವಿಡಿಯೋದಲ್ಲಿ ಐದನೇ ಜೋನ್ ಓಡುವುದನ್ನು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, ‘ಆ ಕೊನೇದು ಸ್ವಲ್ಪ ಕಮ್ಮಿ ಹೊಡೀತಿದೆ ಕಣೋ, ಜಾಲರಿ ನೋಡು’ ಅಂದರು. ತೆಗೆದು ನೋಡಿದೆ. ಜಾಲರಿಯಲ್ಲಿ ಒಂದು ಬಿಳಿ ಪಿವಿಸಿ ಚೂರು ಸಿಕ್ಕಿಕೊಂಡಿತ್ತು.